ಇಪ್ಪತ್ತೊಂದನೆಯ ತೋಟಾ

ನಾನೊಂದು ಕೋವಿಪೆಟ್ಟಿಗೆ. ಕೋವಿಯಲ್ಲ, ಪೆಟ್ಟಿಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಮುಂದೆ ಬಂದವರೆಲ್ಲ ಮುಚ್ಚಳ ತೆಗೆದು, ಒಳಗಿದ್ದುದನ್ನು ಎತ್ತಿ, ತಿರುಗಿಸಿ ಮುರುಗಿಸಿ ನೋಡಿ, ಭಲೇ ಎಂದು ತಲೆದೂಗಿ, ಮತ್ತೆ ಒಳಗಿಟ್ಟು ಹೋಗಿದ್ದಾರೆ. ಪೆಟ್ಟಿಗೆ ಚೆನ್ನಾಗಿದೆ ಎಂದವರು ನನ್ನ ಇಷ್ಟು ವರ್ಷದ ಆಯುಷ್ಯದಲ್ಲಿ ಇಬ್ಬರೇ. ಒಬ್ಬ ನನ್ನನ್ನು ಮಾಡಿದ ಆಚಾರಿ. ತಾನು ಮಾಡಿದ್ದನ್ನು ಹೊಗಳಿಕೊಳ್ಳದ ಆಚಾರಿ ಎಲ್ಲಿದ್ದಾನೆ? ಇನ್ನೊಬ್ಬ ಸಮುದ್ರದಾಚೆಯ ಒಬ್ಬ ಅಧಿಕಾರಿ. ಅವನ ವಿಷಯ ಮುಂದೆ ಬರುತ್ತದೆ.

ನಾನು ಹುಟ್ಟಿದ್ದು ಕೊಡಗಿನ ವಿರಾಜಪೇಟೆಯಲ್ಲಿ, ವಾಸುವಾಚಾರಿಯ ಕೆಲಸದ ಚಾವಡಿಯಲ್ಲಿ, ಸಾವಿರದ ಒಂಬೈನೂರ ಐವತ್ತೇಳನೆಯ ಇಸವಿಯ ಮೊದಲ ತಿಂಗಳಲ್ಲಿ. ಮೈ ಹಲಸಿನ ಹಲಗೆ, ಮೂಲೆಗಳಿಗೆ ಹಿತ್ತಾಳೆ, ಒಳಗೆ ಕೆಂಪು ಮಖಮಲ್ಲು. ಮಾಡಿಸಿದವರು ನೆರಿಯಂಡ ಬೆಳ್ಯಪ್ಪ. ತೋಟ ಮಾರಿ ತನ್ನ ದೇಶಕ್ಕೆ ಹೊರಟ ಒಬ್ಬ ಇಂಗ್ಲಿಷ್ ದೊರೆ ಬೇಟೆಯಲ್ಲಿ ಜೊತೆಗಾರನಾಗಿದ್ದ ಬೆಳ್ಯಪ್ಪನವರಿಗೆ ತನ್ನ ರೈಫಲ್ ಕೊಟ್ಟು ಹೋಗಿದ್ದ. ಅದನ್ನು ಗೋಣಿಚೀಲದಲ್ಲಿ ಸುತ್ತಿಡಲು ಅವರಿಗೆ ಮನಸ್ಸಾಗಲಿಲ್ಲ, ಹಾಗಾಗಿ ನನ್ನ ಜನ್ಮವಾಯಿತು. ಆಚಾರಿ ಅಳತೆ ತೆಗೆದುಕೊಳ್ಳುತ್ತಾ, ಇಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಒಂದು ಕಳ್ಳ ಅರೆ ಇಲ್ಲದಿದ್ದರೆ ಮನೆ ಕಟ್ಟಿ ಬಚ್ಚಲು ಮರೆತ ಹಾಗೆ ಎಂದ. ಕೋವಿಯ ಮರದ ಹಿಡಿ ಕೂರುವ ಕಡೆ, ಮಖಮಲ್ಲಿನ ಕೆಳಗೆ, ಬೆರಳುದ್ದದ ಒಂದು ಅರೆ ಕೊರೆದು, ಅದರ ಮೇಲೆ ಜಾರುವ ಪಟ್ಟಿ ಕೂರಿಸಿದ. ಕೂಡಿದ ಗೆರೆ ಕಣ್ಣಿಗೆ ಕಾಣುವುದಿಲ್ಲ. ಗೊತ್ತಿದ್ದ ಬೆರಳಿಗೆ ಮಾತ್ರ ಸಿಗುತ್ತದೆ.

ನನ್ನೊಳಗೆ ಕೋವಿ ಮಲಗಿ ಒಂದು ತಿಂಗಳಾಗಿತ್ತು. ಬೆಳ್ಯಪ್ಪನವರ ಹೆಂಡತಿಗೆ ದಿನ ತುಂಬಿತ್ತು. ನಮ್ಮ ಕಡೆ ಮನೆಯಲ್ಲಿ ಗಂಡು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಎರಡು. ಗುಡ್ಡದಾಚೆಯ ಮನೆಯವರು ಕಿವಿಗೊಟ್ಟು ಎಣಿಸಿ ಸುದ್ದಿ ತಿಳಿದುಕೊಳ್ಳುತ್ತಾರೆ. ಹೆಣ್ಣು ಹುಟ್ಟಿದರೆ ಗುಂಡಿಲ್ಲ. ಏನೂ ಕೇಳಿಸದೆ ಹೊತ್ತು ಏರಿದರೆ, ಹಾಗಾದರೆ ಹೆಣ್ಣು ಎಂದುಕೊಂಡು ಅವರವರು ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಅಂದು ಬೆಳಗ್ಗೆ ಬೆಳ್ಯಪ್ಪ ಕೋವಿಗೆ ಒಂದು ತೋಟಾ ತುಂಬಿ ಅಂಗಳದಲ್ಲಿ ನಿಂತಿದ್ದರು. ನಾನು ಜಗಲಿಯ ಮೇಲೆ ಬಾಯಿ ತೆರೆದುಕೊಂಡು ಕಾಯುತ್ತಿದ್ದೆ. ಒಳಗಿನಿಂದ ಮಗುವಿನ ಅಳು ಕೇಳಿತು. ಸೂಲಗಿತ್ತಿ ಬಾಗಿಲಿಗೆ ಬಂದು ಹೆಣ್ಣು ಎಂದಳು. ಆದರೂ ಬೆಳ್ಯಪ್ಪ ಕೋವಿಯನ್ನು ಆಕಾಶಕ್ಕೆ ಎತ್ತಿದರು. ಅದನ್ನು ನಾನು ಕಣ್ಣಾರೆ ಕಂಡೆ. ಆಗ ಮನೆತನದ ಹಿರಿಯ, ಅವರ ದೊಡ್ಡಪ್ಪ, ಎಲೆಯಡಿಕೆ ಜಗಿಯುತ್ತಲೇ, ಊರವರು ಮೋಸ ಹೋಗುತ್ತಾರೆ ಮಗ, ಇಳಿಸು ಎಂದರು. ಬೆಳ್ಯಪ್ಪ ಇಳಿಸಿದರು. ತೋಟಾ ಹೊರತೆಗೆದು, ಒಂದು ಚೂರು ಕಾಗದದ ಮೇಲೆ ಸೀಸದಕಡ್ಡಿಯಲ್ಲಿ ಏನೋ ಬರೆದು, ಅದರಲ್ಲಿ ತೋಟಾ ಸುತ್ತಿ, ಕಳ್ಳ ಅರೆಯಲ್ಲಿಟ್ಟು ಪಟ್ಟಿ ಜಾರಿಸಿದರು. ಅಂದಿನಿಂದ ನಾನು ಎರಡು ಹೊರೆ ಹೊತ್ತವನಾದೆ. ಕೋವಿ ಎಲ್ಲರಿಗೂ ಗೊತ್ತಿದ್ದದ್ದು, ತೋಟಾ ಬೆಳ್ಯಪ್ಪನವರಿಗೂ ನನಗೂ ಮಾತ್ರ ಗೊತ್ತಿದ್ದದ್ದು.

ಮಗುವಿಗೆ ದೇಚಮ್ಮ ಎಂದು ಹೆಸರಿಟ್ಟರು. ಅವಳ ಬೆನ್ನಿಗೆ ಬೇರೆ ಮಕ್ಕಳು ಹುಟ್ಟಲಿಲ್ಲ. ಹೊಡೆಯದೆ ಬಿಟ್ಟ ಗುಂಡಿನ ಸಾಲವನ್ನು ಬೆಳ್ಯಪ್ಪ ಬೇರೆ ರೀತಿಯಲ್ಲಿ ತೀರಿಸಲು ನೋಡಿದರು. ಹನ್ನೆರಡಕ್ಕೆ ಅವಳ ಕೈಗೆ ಕೋವಿ ಕೊಟ್ಟರು. ಹದಿನೈದು ತುಂಬುವ ಹೊತ್ತಿಗೆ ಬೇಟೆ ನಿಲ್ಲಿಸಬೇಕೆಂದು ಕಾಯ್ದೆ ಬಂತು. ಕಾಡು ಕಾಡುಪ್ರಾಣಿಗಳಿಗೆ ಉಳಿಯಿತು, ಕೋವಿಗೆ ತೆಂಗಿನಕಾಯಿ ಉಳಿಯಿತು. ನಮ್ಮ ಕೈಲ್ ಮುಹೂರ್ತದ ಹಬ್ಬ ಆಯುಧಗಳ ಹಬ್ಬ. ಸೆಪ್ಟೆಂಬರ್ ಮೊದಲ ವಾರ ಕೋವಿಗಳನ್ನು ತೊಳೆದು ಒರೆಸಿ ಗಂಧ ಹಚ್ಚಿ ಪೂಜೆ ಮಾಡುತ್ತಾರೆ. ಆಮೇಲೆ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಹೊಡೆಯುವ ಪಂದ್ಯ. ದೇಚಮ್ಮ ಹೊಡೆದರೆ ಕಾಯಿ ಉಳಿದದ್ದಿಲ್ಲ. ಮೊದಮೊದಲು ಗಂಡಸರು ನಕ್ಕರು, ಆಮೇಲೆ ತಮ್ಮ ಸರದಿ ಅವಳಿಗಿಂತ ಮುಂಚೆ ಬರಲಿ ಎಂದು ಬೇಡಿಕೊಂಡರು.

ಹಬ್ಬದ ದಿನ ಎಲ್ಲರೂ ಹಂದಿಮಾಂಸ ಕಡುಬು ತಿಂದು ಮಲಗಿದ ಮೇಲೆ ಬೆಳ್ಯಪ್ಪ ನನ್ನ ಬಳಿ ಬಂದು ಪಟ್ಟಿ ಜಾರಿಸುತ್ತಿದ್ದರು. ಆ ತೋಟಾವನ್ನು ಎಣ್ಣೆಬಟ್ಟೆಯಲ್ಲಿ ಒರೆಸಿ, ಕಾಗದದಲ್ಲಿ ಸುತ್ತಿ, ಮತ್ತೆ ಇಡುತ್ತಿದ್ದರು. ಪ್ರತಿ ವರ್ಷ ಮಗಳಿಗೆ ಹೇಳಬೇಕೆಂದು ಬಾಯಿ ತೆರೆದು, ಪ್ರತಿ ವರ್ಷ ಹೇಳದೆ ಉಳಿದರು. ಕೊನೆಗೆ ಒಂದು ದಿನ ಅಂಗಳದಲ್ಲಿ ಎರಡು ಗುಂಡು ಕೇಳಿಸಿದವು. ಕೋವಿಯೂ ನಾನೂ ದೇಚಮ್ಮನ ಪಾಲಿಗೆ ಬಂದೆವು. ಕಳ್ಳ ಅರೆಯ ಗುಟ್ಟು ನನ್ನೊಬ್ಬನ ಪಾಲಿಗೆ ಬಂತು.

ದೇಚಮ್ಮ ಹುಡುಗಿಯರ ಶಾಲೆಯಲ್ಲಿ ಡ್ರಿಲ್ ಟೀಚರ್ ಆದಳು. ಅವಳ ಸೀಟಿಗೆ ಇಡೀ ಮೈದಾನ ನಿಲ್ಲುತ್ತಿತ್ತು. ಮದುವೆಯಾದದ್ದು ಕುಶಾಲಪ್ಪನವರನ್ನು. ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಕಟ್ಟಿದ ಮನುಷ್ಯ. ತೊಳೆಯಲು ಹಾಕುವ ಬಟ್ಟೆಗೂ ಪಟ್ಟಿ ಬರೆದು, ಕೆಳಗೆ ಸಹಿ ಹಾಕುವವರು. ಮದುವೆಯಾದ ವರ್ಷದ ಹಬ್ಬದಲ್ಲಿ ಅಳಿಯನ ಕೈಗೆ ಕೋವಿ ಕೊಟ್ಟಾಗ ತೆಂಗಿನಕಾಯಿಗೆ ಇಟ್ಟ ಗುರಿ ತಪ್ಪಿ ಮಾವನ ಮನೆಯ ಮೂರು ಹಂಚು ಹೋಗಿದ್ದವು. ಅಂದಿನಿಂದ ಅವರು ಕೋವಿ ಮುಟ್ಟಿದವರಲ್ಲ. ಅವರ ಮಗಳು ಮುತ್ತವ್ವ ಹುಟ್ಟಿದ್ದು ಮೈಸೂರಿನ ಆಸ್ಪತ್ರೆಯಲ್ಲಿ. ಅಷ್ಟರಲ್ಲಿ ಬೆಳ್ಯಪ್ಪ ತೀರಿಕೊಂಡಿದ್ದರು, ಅವಳಿಗೂ ಗುಂಡು ಹೊಡೆಯಲಿಲ್ಲ. ಹೊಡೆಯಬೇಕಾದ ಅಪ್ಪನಿಗೆ ಕೋವಿ ಕಂಡರೆ ಹಂಚು ನೆನಪಾಗುತ್ತಿತ್ತು, ಹೊಡೆಯಬಲ್ಲ ಅವ್ವ ಹಾಸಿಗೆಯಲ್ಲಿದ್ದಳು.

ಮುತ್ತವ್ವ ದನದ ಡಾಕ್ಟರಾದಳು. ನ್ಯೂಜಿಲೆಂಡಿಗೆ ಹೋಗಿ, ಅಲ್ಲಿನ ಕುರಿಸಾಕಣೆಯ ಡಂಕನ್ ಎಂಬವನನ್ನು ಮದುವೆಯಾದಳು. ಎತ್ತರದ ಆಸಾಮಿ, ಮಾತು ಕಡಿಮೆ, ಬೇಟೆಗಾರ. ಆ ದೇಶದಲ್ಲಿ ಜಿಂಕೆ ಹೊರಗಿನಿಂದ ಬಂದ ಪ್ರಾಣಿಯಂತೆ, ಹೆಚ್ಚಾಗಿ ಬೆಟ್ಟ ಬೋಳಿಸುತ್ತದಂತೆ, ಹೊಡೆದರೆ ಸರ್ಕಾರವೇ ಸಂತೋಷಪಡುತ್ತದಂತೆ. ಈ ಸುದ್ದಿ ಕೇಳಿದ ದಿನ ನನ್ನೊಳಗಿನ ಕೋವಿ ಇಡೀ ರಾತ್ರಿ ನಿದ್ದೆ ಮಾಡಲಿಲ್ಲ ಎಂದೇ ನನ್ನ ಅನುಮಾನ.

ಒಂದು ಜೂನ್ ತಿಂಗಳಲ್ಲಿ ಮುತ್ತವ್ವನ ಫೋನ್ ಬಂತು. ಬಸುರಿ, ಸೆಪ್ಟೆಂಬರಿಗೆ ದಿನ. ಆ ದೇಶದಲ್ಲಿ ಮೊದಲೇ ಹೇಳುತ್ತಾರೆ, ಹೆಣ್ಣು. ಮನೆಯಲ್ಲಿ ಅವರಾಡುವುದು ಕೊಡವ ಮಾತು, ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಅವ್ವ, ಬರುವಾಗ ಅಜ್ಜನ ಕೋವಿ ತಗೊಂಡು ಬಾ," ಎಂದಳು ಮುತ್ತವ್ವ. "ನಿನಗೂ ಹೊಡೆಯಲಿಲ್ಲ, ನನಗೂ ಹೊಡೆಯಲಿಲ್ಲ. ಇವಳಿಗೆ ಹೊಡೆಯಬೇಕು."

ಅಳಿಯನ ಹತ್ತಿರ ಮೂರು ಕೋವಿ ಇವೆಯಲ್ಲ, ಇಷ್ಟು ದೂರ ಇದನ್ನು ಹೊತ್ತೊಯ್ಯುವುದು ಯಾಕೆ ಎಂದು ಕುಶಾಲಪ್ಪ ಮೆಲ್ಲಗೆ ಕೇಳಿ ನೋಡಿದರು. ಪಕ್ಕದ ಮನೆಯ ಬಾಯಲ್ಲಿ ನಮ್ಮ ಮನೆಯ ಸುದ್ದಿ ಹೇಳಿಸುತ್ತೀರಾ ಎಂದಳು ದೇಚಮ್ಮ. ಅವರು ಹೊಸ ಫೈಲ್ ತೆಗೆದರು.

ಆ ಫೈಲಿನ ವೈಭವ ಏನು ಹೇಳಲಿ. ಬೇಟೆಗೆಂದು ಪರದೇಶಕ್ಕೆ ಕೋವಿ ಒಯ್ಯುವುದಕ್ಕೆ ಅಲ್ಲಿನ ಪೊಲೀಸರ ಅನುಮತಿ, ಇಲ್ಲಿನ ಕಸ್ಟಮ್ಸಿನ ಪತ್ರ, ನಡುವೆ ವಿಮಾನ ಬದಲಿಸುವ ಊರಿನವರ ಒಪ್ಪಿಗೆ, ವಿಮಾನ ಕಂಪನಿಯ ಒಪ್ಪಿಗೆ, ಡಂಕನ್ ಬರೆದ ಆಹ್ವಾನ ಎಲ್ಲವೂ ಬೇಕು. ಅಲ್ಲಿಯ ಅರ್ಜಿಯಲ್ಲಿ ಲೈಸೆನ್ಸ್ ನಂಬರ್ ಎಂದು ಒಂದು ಅಂಕಣ. ಕೊಡಗಿನಲ್ಲಿ ನಮ್ಮ ಜನಕ್ಕೆ ಕೋವಿಗೆ ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಸಾಕು. ಇಲ್ಲದ ನಂಬರ್ ಬರೆಯುವುದು ಹೇಗೆ ಎಂದು ಕುಶಾಲಪ್ಪ ಮೂರು ದಿನ ಊಟ ಬಿಟ್ಟು ಯೋಚಿಸಿದರು. ನಾಲ್ಕನೆಯ ದಿನ 'ಲಗತ್ತಿಸಿದೆ' ಎಂದು ಬರೆದು, ರಾಜರ ಕಾಲದಿಂದ ಹಿಡಿದು ಇಂದಿನವರೆಗೆ ಕೊಡವರಿಗೂ ಕೋವಿಗೂ ಇರುವ ಸಂಬಂಧವನ್ನು ಏಳು ಪುಟದಲ್ಲಿ ವಿವರಿಸಿದರು. ಅಲ್ಲಿಂದ ತುಂಬಾ ಆಸಕ್ತಿಕರ ಎಂದು ಉತ್ತರ ಬಂತು, ಜೊತೆಗೆ ಇನ್ನೂ ನಾಲ್ಕು ಪ್ರಶ್ನೆಗಳೂ ಬಂದವು. ಎಲ್ಲಕ್ಕೂ ಉತ್ತರಿಸಿ, ಆಗಸ್ಟ್ ಕೊನೆಗೆ ಅನುಮತಿ ಬಂದಾಗ ಫೈಲು ನಲವತ್ತಮೂರು ಪುಟವಾಗಿತ್ತು.

ಮುಖ್ಯವಾದ ನಿಯಮ ಒಂದೇ. ಕೋವಿ ಬೇರೆ, ತೋಟಾ ಬೇರೆ. ಇಪ್ಪತ್ತು ತೋಟಾಗಳು ಕಂಪನಿಯ ಡಬ್ಬಿಯಲ್ಲೇ, ಇನ್ನೊಂದು ಬೀಗದ ಪೆಟ್ಟಿಗೆಯಲ್ಲಿ ಹೋಗಬೇಕು. ಕೋವಿಯ ಪೆಟ್ಟಿಗೆಯಲ್ಲಿ ಒಂದೇ ಒಂದು ತೋಟಾ ಇರಕೂಡದು. ಕುಶಾಲಪ್ಪ ಇದನ್ನು ಗಟ್ಟಿಯಾಗಿ ಓದಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಸ್ಥಿತಿ. ಹೆಗಲಿಲ್ಲದ ನಾನು ಎಲ್ಲಿ ಮುಟ್ಟಿಕೊಳ್ಳಲಿ? ಅರವತ್ತಾರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಲು ನನಗೆ ಬಾಯಿ ಇದೆ, ಮಾತಿಲ್ಲ. ಅವರು ಮಖಮಲ್ಲನ್ನು ಮೂರು ಸಲ ತಡವಿ ನೋಡಿ, 'ತೋಟಾ ಇಲ್ಲ' ಎಂದು ಬರೆದು ಸಹಿ ಹಾಕಿದರು. ಗಟ್ಟಿ ಪೆಟ್ಟಿಗೆಯೇ ಬೇಕೆಂಬ ನಿಯಮಕ್ಕೆ ಹಲಸಿನ ನಾನು ಸಾಕಾದೆ, ಎರಡು ಹೊಸ ಬೀಗ ಬಿದ್ದವು.

ಹೊರಟದ್ದು ಹಬ್ಬದ ಮರುದಿನ. ಹಬ್ಬಕ್ಕೆ ನಮ್ಮ ಕಡೆ ಕೋವಿಯ ನಳಿಗೆಗೆ ಒಂದು ಕಾಡುಹೂ ಸಿಕ್ಕಿಸುತ್ತಾರೆ. ಬೆಂಕಿಯ ನಾಲಗೆಯಂಥ ಕೆಂಪು ಹಳದಿ ಎಸಳು. ಹೆಸರೇ ತೋಕ್ ಪೂ, ಅಂದರೆ ಕೋವಿ ಹೂ. ಸಿಕ್ಕಿಸಿದ ಹೂವನ್ನು ಯಾರೂ ಕೀಳುವುದಿಲ್ಲ, ಅದಾಗಿ ಬೀಳಬೇಕು. ದೇಚಮ್ಮ ಹೂವಿನ ಸಮೇತ ಕೋವಿಯನ್ನು ಮಲಗಿಸಿ ಬೀಗ ಹಾಕಿದಳು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಒಂದು ಬೇರೆಯೇ ಕೋಣೆಯಲ್ಲಿ ನಮ್ಮನ್ನು ತೆರೆದರು. ಕೋವಿಯ ನಂಬರ್ ನೋಡಿದರು, ಖಾಲಿ ಎಂದು ಖಚಿತ ಮಾಡಿಕೊಂಡರು, ಹೂ ನೋಡಿ ನಕ್ಕರು. ಕುಶಾಲಪ್ಪ ಒಂದೊಂದು ಕಾಗದಕ್ಕೂ ಒಂದೊಂದು ಪುಟ ತಿರುಗಿಸಿ ತೋರಿಸುತ್ತಾ ಮದುಮಗನಂತೆ ಬೆಳಗುತ್ತಿದ್ದರು. ಎಲ್ಲ ಮುಗಿಯಿತು ಅಂದಾಗ ನನ್ನನ್ನು ಎಕ್ಸ್-ರೇ ಯಂತ್ರದೊಳಗೆ ಕಳಿಸಿದರು. ಆಚಾರಿಯ ಜಾಣತನ ಮನುಷ್ಯರ ಕಣ್ಣಿಗೆ ಸಾಕಾಗಿತ್ತು. ಆ ಯಂತ್ರ ಅವನ ಕಾಲದಲ್ಲಿ ಇರಲಿಲ್ಲ.

ಪರದೆಯ ಮುಂದೆ ಕುಳಿತಿದ್ದ ಅಧಿಕಾರಿಣಿ ಎದ್ದು ಬಂದಳು. ಎದೆಯ ಮೇಲೆ ಹೊಸಮನಿ ಎಂಬ ಹೆಸರುಪಟ್ಟಿ, ಮಾತು ಗದಗದ ಕಡೆಯದು.

"ಅಮ್ಮಾರ, ನೀವು ಇಪ್ಪತ್ತು ಅಂತ ಬರದೀರಿ. ಇನ್ನೊಂದು ಐತಿ," ಎಂದಳು.

ಸಾಧ್ಯವೇ ಇಲ್ಲ, ಡಬ್ಬಿಯನ್ನು ಮೂರು ಸಲ ಎಣಿಸಿದ್ದೇನೆ ಎಂದರು ಕುಶಾಲಪ್ಪ. ತಾನು ಹೇಳುತ್ತಿರುವುದು ಡಬ್ಬಿಯ ಮಾತಲ್ಲ, ಪೆಟ್ಟಿಗೆಯ ಮಾತು ಎಂದಳು ಅವಳು. ಕೋವಿ ಹೊರಬಂತು, ಮಖಮಲ್ಲು ಎದ್ದಿತು, ಬೆರಳುಗಳು ತಡಕಾಡಿದವು. ಬೆಳ್ಯಪ್ಪ ಹೋದ ಮೇಲೆ ಮೊದಲ ಸಲ ಪಟ್ಟಿ ಸರಕ್ಕನೆ ಜಾರಿತು. ಹಳದಿಯಾದ ಕಾಗದದ ಸುರುಳಿ ಮೇಜಿನ ಮೇಲೆ ಬಿತ್ತು, ಅದರೊಳಗಿನಿಂದ ತೋಟಾ ಉರುಳಿ ಬಂತು. ಕುಶಾಲಪ್ಪನವರ ಮುಖ ಅವರ ಫೈಲಿನ ಹಾಳೆಗಿಂತ ಬೆಳ್ಳಗಾಯಿತು. ಇನ್ನು ವಿಮಾನವಿಲ್ಲ, ಮಗಳ ಬಾಣಂತನವಿಲ್ಲ, ಪೊಲೀಸ್ ಠಾಣೆಯೇ ಗತಿ ಎಂದು ನನಗೂ ಅನ್ನಿಸಿತು. ಇಷ್ಟಕ್ಕೆಲ್ಲ ಕಾರಣ ನಾನು ಎಂಬ ನಾಚಿಕೆ ಬೇರೆ.

ದೇಚಮ್ಮ ಕಾಗದ ಬಿಡಿಸಿದಳು. ಅಪ್ಪನ ಅಕ್ಷರ. ಓದಲು ಕನ್ನಡಕ ಬೇಕಾಗಲಿಲ್ಲ.

'ಹೆಣ್ಣು ಮಗು. ಹೊಡೆಯಲಿಲ್ಲ. ಹೊಡೆಯಬೇಕಾಗಿತ್ತು. ಬೆಳ್ಯಪ್ಪ.' ಕೆಳಗೆ ತಾರೀಕು.

ಮೈದಾನವನ್ನೇ ನಿಲ್ಲಿಸುತ್ತಿದ್ದ ಹೆಂಗಸು ನನ್ನ ಅಂಚು ಹಿಡಿದು ನಿಂತಳು. ಇದು ತಾನು ಹುಟ್ಟಿದ ದಿನದ ತಾರೀಕು ಎಂದಷ್ಟೇ ಹೇಳಿ ಕಾಗದವನ್ನು ಅಧಿಕಾರಿಣಿಗೆ ಕೊಟ್ಟಳು. ಗುಂಡಿನ ಪದ್ಧತಿಯನ್ನು ಕುಶಾಲಪ್ಪ ತಡವರಿಸುತ್ತಾ ವಿವರಿಸಿದರು. ಪಾಪ, ಅದು ಏಳು ಪುಟದ ಲಗತ್ತಿನಲ್ಲೂ ಇತ್ತು, ಐದನೆಯ ಪುಟದಲ್ಲಿ. ಹೊಸಮನಿ ಆ ಪುಟ ಓದಿದಳು. ಮತ್ತೆ ಸೀಸದಕಡ್ಡಿಯ ಅಕ್ಷರ ಓದಿದಳು.

"ನಾ ಹುಟ್ಟಿದಾಗ ನಮ್ಮಪ್ಪ ಮೂರು ದಿನ ಹೊಲದಿಂದ ಮನಿಗೇ ಬರಲಿಲ್ಲಂತ," ಎಂದಳು. "ನಿಮ್ಮಪ್ಪ ಬರದಾದ್ರೂ ಇಟ್ಟಾರ."

ಮೇಲಿನವರಿಗೆ ಫೋನ್ ಹೋಯಿತು. ಅವರು ಬಂದು ನೋಡಿದರು. ಮನೆಯ ಕೋವಿಯದೇ ತೋಟಾ, ಬಚ್ಚಿಟ್ಟವರು ತೀರಿಕೊಂಡಿದ್ದಾರೆ, ಒಯ್ಯುವವರಿಗೆ ಗೊತ್ತೇ ಇರಲಿಲ್ಲ ಎಂದು ಒಂದು ಗಂಟೆ ಹೇಳಿಕೆ ಬರೆಸಿಕೊಂಡರು. ವಿಮಾನದ ಹೊತ್ತು ಹತ್ತಿರವಾಗುತ್ತಿತ್ತು. ಕೊನೆಗೆ ಹೊಸಮನಿ ತೋಟಾವನ್ನು ಒಂದು ಚೀಲಕ್ಕೆ ಹಾಕಿ ಮೊಹರು ಮಾಡಿ ರಸೀದಿ ಬರೆದಳು. ಇದು ಹಾರಂಗಿಲ್ಲ, ನೀವು ಹಾರ್ರಿ ಎಂದಳು. ಬಂದ ಮೇಲೆ ರಸೀದಿ ತೋರಿಸಿ ಒಯ್ಯಬೇಕು. ಕಾಗದವನ್ನು ಮಾತ್ರ ಮಡಿಚಿ ದೇಚಮ್ಮನ ಕೈಗಿಟ್ಟಳು. ದೇಚಮ್ಮ ಅದನ್ನು ಕಳ್ಳ ಅರೆಯಲ್ಲೇ ಇಟ್ಟಳು. ಹೊಟ್ಟೆ ಹಗುರವಾಗಿ ನಾನು ವಿಮಾನದ ಕೆಳಮನೆ ಸೇರಿದೆ. ನಿಜ ಹೇಳುತ್ತೇನೆ, ಅಷ್ಟು ವರ್ಷ ಹೊತ್ತದ್ದು ಇಲ್ಲವಾದಾಗ ಸ್ವಲ್ಪ ಬೇಜಾರೂ ಆಯಿತು.

ಎರಡು ವಿಮಾನ, ಒಂದು ಇಡೀ ದಿನ. ನ್ಯೂಜಿಲೆಂಡಿನಲ್ಲಿ ಇಳಿದಾಗ ಕೋವಿಯ ತಪಾಸಣೆ ಐದು ನಿಮಿಷದಲ್ಲಿ ಮುಗಿಯಿತು. ಅನುಮತಿ ಪತ್ರ, ನಂಬರ್, ಡಬ್ಬಿಯಲ್ಲಿ ಇಪ್ಪತ್ತು ತೋಟಾ, ಎಲ್ಲ ಸರಿ. ಕುಶಾಲಪ್ಪ ಫೈಲ್ ಮುಚ್ಚಿದರು. ಅಷ್ಟರಲ್ಲಿ ಒಂದು ಜೋಲುಕಿವಿಯ ನಾಯಿ ಬಂದು ನನ್ನನ್ನು ಮೂಸಿ, ನನ್ನ ಪಕ್ಕದಲ್ಲಿ ಗಂಭೀರವಾಗಿ ಕುಳಿತುಬಿಟ್ಟಿತು. ನನ್ನ ಜೀವಮಾನದಲ್ಲಿ ನಾಯಿಗಳು ನನ್ನನ್ನು ಕಂಡರೆ ಕುಣಿಯುತ್ತಿದ್ದವು. ಪೆಟ್ಟಿಗೆ ತೆರೆದರೆ ಬೇಟೆ ಎಂದು ಅವಕ್ಕೆ ಗೊತ್ತು. ಹೀಗೆ ತೀರ್ಪು ಕೊಡುವವರಂತೆ ಕುಳಿತ ನಾಯಿಯನ್ನು ನಾನು ಕಂಡಿರಲಿಲ್ಲ. ಆ ದೇಶಕ್ಕೆ ಗಿಡ, ಬೀಜ, ಹುಳ, ಮಣ್ಣು ಯಾವುದೂ ಹೊರಗಿನಿಂದ ಬರಕೂಡದಂತೆ. ಹಸಿರು ಅಂಗಿಯ ಅಧಿಕಾರಿ ಕೈಗವಸು ಹಾಕಿಕೊಂಡು ನನ್ನನ್ನು ತೆರೆಸಿದ. ನಳಿಗೆಯ ಬಾಯಲ್ಲಿ ಬಾಡಿದ ತೋಕ್ ಪೂ.

ಗಿಡ ಹೂ ಏನಾದರೂ ಇದೆಯೇ ಎಂಬ ಪ್ರಶ್ನೆಗೆ ಕುಶಾಲಪ್ಪ ಇಲ್ಲ ಎಂದು ಗುರುತು ಹಾಕಿದ್ದರು. ಸುಳ್ಳಲ್ಲ, ನಮ್ಮವರ ಮಟ್ಟಿಗೆ ಅದು ಗಿಡವಲ್ಲ, ಕೋವಿಯ ಒಡವೆ. ಅವರ ಪಟ್ಟಿಯಲ್ಲಿ ಕೋವಿ ಒಂದು, ಕೋವಿಯ ಹೆಗಲಪಟ್ಟಿ ಒಂದು, ಬೀಗ ಎರಡು ಎಂದೆಲ್ಲ ಇತ್ತು. ನಲವತ್ತಮೂರು ಪುಟದಲ್ಲಿ ಆನೆಯೇ ದಾಟಿತ್ತು, ಬಾಲ ಸಿಕ್ಕಿಕೊಂಡಿತು. ಕೋವಿ ತಂದದ್ದಕ್ಕೆ ಯಾರೂ ಹುಬ್ಬೇರಿಸದ ಆ ದೇಶದಲ್ಲಿ ಒಂದು ಹೂವಿಗಾಗಿ ಮೂವರು ಅಧಿಕಾರಿಗಳು ಸೇರಿದರು. ಇದರ ಹೆಸರೇನು ಎಂದು ಕೇಳಿದರು. ಕೋವಿ ಹೂ ಎಂದಳು ದೇಚಮ್ಮ, ಅವಳದೇ ಇಂಗ್ಲಿಷಿನಲ್ಲಿ. ಹಸಿರು ಅಂಗಿಯವನು ಒಂದು ಕ್ಷಣ ಅವಳ ಮುಖ ನೋಡಿ, ಹೊಟ್ಟೆ ಹಿಡಿದು ನಕ್ಕ. ನಕ್ಕರೂ ಹೂವನ್ನು ಚಿಮಟದಲ್ಲಿ ಎತ್ತಿ ಚೀಲಕ್ಕೆ ಹಾಕಿ ಮೊಹರು ಮಾಡಿದ. ಮುಂದಿನ ಸಲ ಬರೆಯಬೇಕು ಎಂದು ಎಚ್ಚರಿಕೆ ಕೊಟ್ಟ.

ಆಮೇಲೆ ಟಾರ್ಚ್ ಹಿಡಿದು ನನ್ನ ಮೈಯಲ್ಲಿ ಹುಳದ ತೂತು ಹುಡುಕತೊಡಗಿದ. ಹಲಸಿನ ಮರ್ಯಾದೆ ತೆಗೆದನಲ್ಲ ಎಂದು ನನಗೆ ಸಿಟ್ಟು ಬಂತು. ಅಡಿಯಲ್ಲಿ ಎರಡು ಹಳೆಯ ತೂತು ಸಿಕ್ಕವು. ಹೌದು, ಇವೆ; ಈ ವಯಸ್ಸಿಗೆ ಯಾರ ಮೈಯಲ್ಲಿಲ್ಲ? ತಟ್ಟಿದ, ಮೂಸಿದ, ಸೂಜಿ ತೂರಿಸಿ ನೋಡಿದ. ಒಳಗೆ ಯಾರೂ ಇಲ್ಲ. ಹಿತ್ತಾಳೆಯ ಮೂಲೆಯನ್ನು ಬೆರಳಿನಿಂದ ಸವರಿ, ಎಂಥ ಚೆಂದದ ಪೆಟ್ಟಿಗೆ ಎಂದ. ನನ್ನ ಸಿಟ್ಟು ಅಲ್ಲೇ ಇಳಿಯಿತು. ಬಹಳ ತಿಳುವಳಿಕೆಯ ದೇಶ ಅದು.

ಡಂಕನ್‌ನ ಸಾಕಣೆ ಬೆಟ್ಟದ ಬುಡದಲ್ಲಿ. ನಮ್ಮಲ್ಲಿ ಮಳೆ ಮುಗಿಯುತ್ತಿದ್ದರೆ ಅಲ್ಲಿ ವಸಂತ ಶುರುವಾಗಿತ್ತು, ಎಲ್ಲಿ ನೋಡಿದರೂ ಕುರಿಮರಿ. ಮೂರನೆಯ ದಿನ ಅವನು ಅತ್ತೆ ಮಾವನನ್ನು ಜೀಪಿನಲ್ಲಿ ಬೆಟ್ಟಕ್ಕೆ ಕರೆದೊಯ್ದ. ಬೇಟೆಗೆಂದು ಅನುಮತಿ ಪಡೆದು ಬೇಟೆಯಾಡದೆ ಹೋದರೆ ಕಾಗದ ಸುಳ್ಳಾಗುತ್ತದೆ ಎಂದು ಕುಶಾಲಪ್ಪ ತಾವೂ ಹೊರಟಿದ್ದರು. ನಾನು ಜೀಪಿನ ಹಿಂದೆ. ಐವತ್ತು ವರ್ಷದ ಮೇಲೆ ಕೋವಿಗೆ ತೆಂಗಿನಕಾಯಿಯಲ್ಲದ ಗುರಿ ಸಿಕ್ಕಿತು. ಬಂಡೆಯ ಪಕ್ಕ ಜಿಂಕೆ ಬಂದು ನಿಂತಿತಂತೆ. ದೇಚಮ್ಮ ಉಸಿರು ಹಿಡಿದಳಂತೆ. ಆಗ ಕುಶಾಲಪ್ಪ ಸೀನಿದರು. ಆ ಸೀನು ಕೆಳಗೆ ಜೀಪಿನಲ್ಲಿದ್ದ ನನಗೂ ಕೇಳಿಸಿತು. ಜಿಂಕೆ ಆಚೆ ಬೆಟ್ಟಕ್ಕೆ ಹೋಯಿತು. ಇಳಿದು ಬರುವಾಗ ಡಂಕನ್ ಎರಡು ಸಲ ನಿಂತು ನಕ್ಕ. ಮಾತು ಕಡಿಮೆಯ ಮನುಷ್ಯ ಅಷ್ಟು ನಕ್ಕದ್ದು ಕಂಡು ದೇಚಮ್ಮನಿಗೂ ನಗು ತಡೆಯಲಾಗಲಿಲ್ಲ.

ಐದನೆಯ ದಿನ ನಸುಕಿಗೆ ಮುತ್ತವ್ವನಿಗೆ ನೋವು ಬಂತು. ಆಸ್ಪತ್ರೆ ನಲವತ್ತು ನಿಮಿಷದ ದಾರಿ. ಡಂಕನ್ ಕಾರು ತೆಗೆದ. ದೇಚಮ್ಮ ಒಂದು ಕಾಲು ಕಾರಿನೊಳಗಿಟ್ಟು ತಿರುಗಿ ನನ್ನ ಕಡೆ ನೋಡಿದಳು. ಮಗಳ ಹತ್ತಿರ ಇರಬೇಕು, ಕೋವಿಯ ಹತ್ತಿರವೂ ಇರಬೇಕು, ಇರುವವಳು ಒಬ್ಬಳು. ಆಸ್ಪತ್ರೆಯ ಅಂಗಳದಲ್ಲಿ ಗುಂಡು ಹಾರಿಸಲು ಯಾವ ದೇಶವೂ ಬಿಡುವುದಿಲ್ಲ.

ಮುತ್ತವ್ವ ನೋವಿನ ನಡುವೆಯೇ ಅವ್ವನ ಕೈ ಹಿಡಿದಳು. "ನನ್ನ ಹತ್ತಿರ ಇವನು ಇದ್ದಾನೆ ಅವ್ವ. ನೀನು ಕೋವಿ ಹತ್ತಿರ ಇರು."

ಡಂಕನ್ ಮೊದಲೇ ಎಲ್ಲ ಹೇಳಿಕೊಟ್ಟಿದ್ದ. ಆಕಾಶಕ್ಕೆ ಹೊಡೆಯುವಂತಿಲ್ಲ, ಉಣ್ಣೆ ಕತ್ತರಿಸುವ ಕೊಟ್ಟಿಗೆಯ ಹಿಂದಿನ ಮಣ್ಣಿನ ದಿಬ್ಬಕ್ಕೆ ಹೊಡೆಯಬೇಕು. ಸುತ್ತಲಿನ ಸಾಕಣೆಯವರಿಗೂ ಹೇಳಿಟ್ಟಿದ್ದ. ದೇಚಮ್ಮ ಕೊಟ್ಟಿಗೆಯ ಬಳಿ ಕೋವಿ ಹಿಡಿದು, ಒಂದು ತೋಟಾ ಕೈಯಲ್ಲಿಟ್ಟುಕೊಂಡು ನಿಂತಳು. ನಾನು ಮೆಟ್ಟಿಲ ಮೇಲೆ ಬಾಯಿ ತೆರೆದುಕೊಂಡು ಕಾದೆ. ಕುಶಾಲಪ್ಪ ಫೋನ್ ಹಿಡಿದು ಅತ್ತಿಂದಿತ್ತ ನಡೆಯುತ್ತಿದ್ದರು. ಇದೇ ನಿಲುವಿನಲ್ಲಿ ಇವಳ ಅಪ್ಪ ನಿಂತಿದ್ದನ್ನು ನಾನು ಕಂಡಿದ್ದೆ. ಈ ಸಲ ಇಳಿಸು ಎನ್ನಲು ದೊಡ್ಡಪ್ಪ ಇರಲಿಲ್ಲ, ಸುತ್ತಲೂ ಇದ್ದದ್ದು ಕುರಿಗಳು.

ಹತ್ತೂ ಇಪ್ಪತ್ತಕ್ಕೆ ಫೋನ್ ಬಂತು. ಕುಶಾಲಪ್ಪ ಹೌದೆಂದು ತಲೆ ಆಡಿಸಿದರು. ದೇಚಮ್ಮ ತೋಟಾ ತುಂಬಿದಳು, ಭುಜಕ್ಕಿಟ್ಟಳು, ಹೊಡೆದಳು. ದಿಬ್ಬದಿಂದ ಮಣ್ಣು ಹಾರಿತು, ಸಾವಿರ ಕುರಿ ಒಂದೇ ಕಡೆ ಓಡಿದವು, ನಾಯಿಗಳು ಬೊಗಳಿದವು. ಬೆಟ್ಟ ಆ ಸದ್ದನ್ನು ಎರಡು ಸಲ ತಿರುಗಿ ಹೇಳಿತು. ದೂರದ ಸಾಕಣೆಯೊಂದರಿಂದ ಕಾರಿನ ಹಾರ್ನ್ ಕೂಗಿತು, ಆಮೇಲೆ ಇನ್ನೊಂದು ಕಡೆಯಿಂದ, ಮತ್ತೊಂದು ಕಡೆಯಿಂದ. ಫೋನಿನಲ್ಲಿ ಸದ್ದು ಕೇಳಿದ ಮಗು ಅತ್ತಿತು. ಅಳು ಕೇಳಿ ಅಜ್ಜಿಯೂ ಅತ್ತಳು, ನಗುತ್ತಲೇ. ನನಗೆ ಕಣ್ಣೀರಿದ್ದಿದ್ದರೆ ಅಂದು ಮಖಮಲ್ಲು ಒದ್ದೆಯಾಗುತ್ತಿತ್ತು. ಖಾಲಿ ಹಿತ್ತಾಳೆ ಕೊಳವೆಯನ್ನು ಅವಳು ಅಪ್ಪನ ಕಾಗದದಲ್ಲಿ ಸುತ್ತಿ ಕಳ್ಳ ಅರೆಯಲ್ಲಿಟ್ಟಳು.

ಮೂರು ವಾರದ ಬಾಣಂತನ ಮುಗಿಸಿ ಹೊರಟಾಗ ಕುಶಾಲಪ್ಪ ಪಟ್ಟಿಯಲ್ಲಿ ಹೊಸ ಸಾಲು ಸೇರಿಸಿದ್ದರು: 'ಹೊಡೆದು ಖಾಲಿಯಾದ ತೋಟಾ ಒಂದು, ಮೊಮ್ಮಗಳದು. ಹೂ ಇಲ್ಲ.' ಬೆಂಗಳೂರಿನಲ್ಲಿ ರಸೀದಿ ತೋರಿಸಿದಾಗ ಮೊಹರಿನ ಚೀಲ ತಂದುಕೊಟ್ಟದ್ದು ಹೊಸಮನಿಯೇ. ಹೊಡದ್ರ್ಯಾ ಎಂದು ಕೇಳಿದಳು. ಹೊಡೆದೆವು ಎಂದಳು ದೇಚಮ್ಮ. ಇದನ್ನೂ ಇಟಗೊಂಡು ಕೂಡಬ್ಯಾಡ್ರಿ ಎಂದು ಚೀಲ ಕೈಗಿಟ್ಟಳು.

ಮನೆಗೆ ಬಂದ ಮರುದಿನ ಬೆಳಗ್ಗೆ ದೇಚಮ್ಮ ಆ ಹಳೆಯ ತೋಟಾವನ್ನು ಹಿಡಿದು ಅಂಗಳಕ್ಕೆ ಬಂದಳು. ಕೋವಿಗಾಗಿ ಕೈ ಚಾಚಿದರೆ ಕೋವಿ ಆಗಲೇ ಕುಶಾಲಪ್ಪನವರ ಕೈಯಲ್ಲಿತ್ತು. ನಲವತ್ತು ವರ್ಷದ ಮೇಲೆ.

"ತಾನು ಹುಟ್ಟಿದ್ದಕ್ಕೆ ತಾನೇ ಗುಂಡು ಹೊಡೆದುಕೊಳ್ಳೋದು ಯಾವ ಊರಿನ ಪದ್ಧತಿ?" ಎಂದರು. "ಕೊಡು ಇಲ್ಲಿ."

ಹಂಚು ನೋಡಿಕೊಳ್ಳಿ ಎಂದಳು ದೇಚಮ್ಮ. ಡಂಕನ್ ಕಲಿಸಿದಂತೆ ಅವರು ಅಂಗಳದಾಚೆಯ ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟರು. ಹಂಚುಗಳಿಗೆ ಬೆನ್ನು ತಿರುಗಿಸಿಯೇ ನಿಂತಿದ್ದರು. ಒತ್ತಿದರು. ಟಿಕ್ ಎಂದಿತು ಅಷ್ಟೆ. ಅರವತ್ತಾರು ವರ್ಷದ ಮದ್ದು. ಇಳಿಸಲು ಹೋದವರನ್ನು ದೇಚಮ್ಮ ತಡೆದಳು. ಹಳೆಯ ತೋಟಾ ಒಮ್ಮೊಮ್ಮೆ ತಡವಾಗಿ ಸಿಡಿಯುತ್ತದೆ, ಹಾಗೇ ಹಿಡಿದು ಅರವತ್ತು ಎಣಿಸಿ ಎಂದಳು. ಅವರು ಎಣಿಸಿದರು. ನಾನೂ ಎಣಿಸಿದೆ. ಬೆಳ್ಯಪ್ಪ ವರ್ಷವರ್ಷ ಎಣ್ಣೆಬಟ್ಟೆಯಲ್ಲಿ ಒರೆಸಿದ್ದು ನನಗೆ ಗೊತ್ತಿತ್ತು, ಅದು ಸುಮ್ಮನೆ ಹೋಗಬಾರದು ಎಂದು ನನ್ನ ದೇವರಾದ ಆಚಾರಿಯನ್ನು ಬೇಡಿಕೊಂಡೆ. ಅರವತ್ತಾಯಿತು. ಮತ್ತೆ ಕೀಲು ಎಳೆದು ಮತ್ತೆ ಒತ್ತಿದರು.

ಗುಂಡು ಹಾರಿತು. ಗುಡ್ಡದಿಂದ ಗುಡ್ಡಕ್ಕೆ ಸದ್ದು ಹೋಯಿತು. ಹಂಚು ಒಂದೂ ಅಲುಗಲಿಲ್ಲ.

ಅಷ್ಟರಲ್ಲಿ ಜಗಲಿಯ ಫೋನ್ ಹೊಡೆದುಕೊಂಡಿತು. ಗುಡ್ಡದಾಚೆಯ ಮನೆಯ ಚೋಂದಕ್ಕ. ಎಂಬತ್ತರ ಮುದುಕಿ, ಕಿವಿ ಇನ್ನೂ ಚುರುಕು, ಗುಂಡು ಎಣಿಸುವುದನ್ನು ಬಿಟ್ಟಿರಲಿಲ್ಲ. ಒಂದೇ ಕೇಳಿಸಿತು, ಯಾರಿಗೆ ಗಂಡು ಹುಟ್ಟಿತು ನಿಮ್ಮ ಮನೆಯಲ್ಲಿ ಎಂದು ಕೇಳುವುದು ನನಗೂ ಕೇಳಿಸಿತು.

"ಗಂಡಲ್ಲ ಅಕ್ಕ, ಹೆಣ್ಣು," ಎಂದಳು ದೇಚಮ್ಮ. "ನಾನೇ."

ಈಗ ನಾನು ದೇವರ ಕೋಣೆಯ ಪಕ್ಕದ ಮೂಲೆಯಲ್ಲಿ ಮಣೆಯ ಮೇಲೆ ಕುಳಿತಿದ್ದೇನೆ. ವಿಮಾನ ನಿಲ್ದಾಣದವರು ಅಂಟಿಸಿದ ಚೀಟಿಗಳನ್ನು ಕಿತ್ತುಹಾಕಲು ನಾನೇನೂ ಅವಸರಪಡುತ್ತಿಲ್ಲ. ಕೋವಿಗೆ ಮತ್ತೆ ತೆಂಗಿನಕಾಯಿಯೇ ಗತಿ. ಆದರೂ ಬೆಟ್ಟದ ಜಿಂಕೆಯ ಕಥೆಯನ್ನು ಒಂದು ಸೀನಿನಷ್ಟು ಕಡಿಮೆ ಮಾಡಿ ಹೇಳಿಕೊಳ್ಳುತ್ತದೆ ಎಂದು ನನ್ನ ಅನುಮಾನ. ಹೇಳಿಕೊಳ್ಳಲಿ. ನನ್ನ ಕಳ್ಳ ಅರೆಯಲ್ಲಿ ಒಂದು ಹಳೆಯ ಕಾಗದ, ಎರಡು ಖಾಲಿ ಕೊಳವೆ. ಮೊಮ್ಮಗಳದು ಹೊಳೆಯುತ್ತದೆ, ಅಜ್ಜಿಯದು ಕಪ್ಪಾಗಿದೆ. ಲೆಕ್ಕ ಹಾಕಿದರೆ ಮೊಮ್ಮಗಳು ಹುಟ್ಟಿ ಇಪ್ಪತ್ತೈದು ದಿನಕ್ಕೆ ಅಜ್ಜಿ ಹುಟ್ಟಿದಳು. ನನ್ನನ್ನು ಎತ್ತಿದಾಗ ಎರಡೂ ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತವೆ. ಯಾವ ಯಂತ್ರದವರು ಬೇಕಾದರೂ ನೋಡಲಿ, ಈಗ ನನಗೆ ಭಯವಿಲ್ಲ.